ನಾಳೆ ನಿಮ್ಮ ಕಣ್ಣು ತೆಗೀತೀವಿ!

ಒಂದು ದಿನ ಬೆಳಗ್ಗೆ ಬಸ್ ಕಂಡಕ್ಟರು ಹೊಸ ಶರ್ಟು ತೊಟ್ಟುಕೊಂಡೇ ಟೈಲರಮ್ಮನ ಅಂಗಡಿಗೆ ಬಂದರು. ಅವರ ಕಣ್ಣೆದುರೇ ಜೇಬಿಗೆ ಪೆನ್ನು ಇಳಿಸಲು ನೋಡಿದರು. ಪೆನ್ನು ಇಳಿಯಲಿಲ್ಲ.

"ಟೈಲರಮ್ಮಾ, ಜೇಬು ಅಂದ್ಮೇಲೆ ಅದಕ್ಕೊಂದು ಬಾಯಿ ಇರ್ಬೇಕಲ್ವಾ?"

ಟೈಲರಮ್ಮ ಬೆರಳಿನಿಂದ ತಡವಿ ನೋಡಿದರು. ಜೇಬಿನ ನಾಲ್ಕೂ ಬದಿ ಅಚ್ಚುಕಟ್ಟಾಗಿ ಹೊಲಿದುಬಿಟ್ಟಿದ್ದರು! ಕಂಡಕ್ಟರು ಒಳ್ಳೆಯವರು, ನಕ್ಕುಬಿಟ್ಟರು. ಆದರೆ ಮುಂದಿನ ಬಟ್ಟೆಯನ್ನು ಬೀದಿಯ ಕೊನೆಯಲ್ಲಿರುವ ಹೊಸ ಟೈಲರ್ ಹತ್ತಿರ ಕೊಟ್ಟರು. ಹಾಗೆ ಜಾರಿಕೊಂಡ ಗಿರಾಕಿ ಅವರೊಬ್ಬರೇ ಅಲ್ಲ.

ಟೈಲರಮ್ಮನ ಕೈ ಇನ್ನೂ ಗಟ್ಟಿಯಾಗಿತ್ತು, ಕಣ್ಣು ಕೈಕೊಟ್ಟಿತ್ತು. ಮಟಮಟ ಮಧ್ಯಾಹ್ನವೂ ಮಿಷನ್ ಮೇಲೆ ಬಲ್ಬು ಉರಿಯಬೇಕು. ಸೂಜಿಗೆ ದಾರ ಪೋಣಿಸಲು ಮನೆಯ ಯಜಮಾನರು ಬರಬೇಕು. ಕರಿ ದಾರ ಯಾವುದು, ನೀಲಿ ದಾರ ಯಾವುದು ಎಂದು ಕೇಳುವಷ್ಟಕ್ಕೆ ಬಂದಿತ್ತು. ಹುಡುಗಿಯಾಗಿದ್ದಾಗಿನಿಂದ ತುಳಿದ ಮಿಷನ್ ಅದು. ಅದನ್ನು ಮುಚ್ಚಿಟ್ಟು ಸುಮ್ಮನೆ ಕೂರುವುದನ್ನು ನೆನೆದರೇ ಅವರಿಗೆ ಎದೆ ಧಸಕ್ಕೆನ್ನುತ್ತಿತ್ತು.

ಪಕ್ಕದ ಬೇಕರಿಯಾಕೆ ಇದನ್ನೆಲ್ಲ ನೋಡುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಕಣ್ಣಿನ ಶಿಬಿರ ನಡೆದಾಗೆಲ್ಲ ಸ್ವಯಂಸೇವಕಿಯಾಗಿ ಹೋಗುವವಳು ಅವಳು. ಶಿಬಿರಕ್ಕೆ ಬರುವ ಹೊರದೇಶದ ಡಾಕ್ಟರು, ನರ್ಸುಗಳ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ತಿಳಿಸುವುದು ಅವಳ ಕೆಲಸ.

"ಅಕ್ಕಾ, ಇದು ಪೊರೆ. ಸಣ್ಣ ಆಪರೇಷನ್ ಮಾಡಿ ತೆಗೆದುಬಿಡ್ತಾರೆ. ಬನ್ನಿ, ತೋರಿಸೋಣ."

"ನನ್ನ ಪೊರೆ ಇನ್ನೂ ಹಣ್ಣಾಗಿಲ್ಲ ಕಣೇ."

"ಹಣ್ಣಾಗೋಕೆ ಅದೇನು ಬಾಳೆಗೊನೆನಾ? ಕಾದಷ್ಟೂ ಅದು ಗಟ್ಟಿಯಾಗುತ್ತೆ, ಡಾಕ್ಟರಿಗೂ ಕಷ್ಟ, ನಿಮಗೂ ಕಷ್ಟ. ಕೆಲಸಕ್ಕೆ ತೊಂದರೆ ಆಗ್ತಿದೆ ಅಂದ್ರೆ ತೋರಿಸೋ ಸಮಯ ಬಂತು ಅಂತಲೇ ಅರ್ಥ."

"ಡ್ರಾಪ್ಸ್ ಹಾಕಿದ್ರೆ ಕರಗಲ್ವಾ?"

"ಯಾವ ಡ್ರಾಪ್ಸಿಗೂ ಕರಗಲ್ಲ. ಯಾರಾದ್ರೂ ಕರಗುತ್ತೆ ಅಂದ್ರೆ ನಂಬಬೇಡಿ."

"ಅದ್ಸರಿ, ಎಲ್ಲಿಂದಲೋ ಬಂದು ಪುಕ್ಕಟೆ ಮಾಡಿಕೊಡೋಕೆ ಅವರಿಗೇನು ತಲೆ ಕೆಟ್ಟಿದ್ಯಾ?"

ಬೇಕರಿಯಾಕೆ ನಕ್ಕಳು. "ರಜೆ ಹಾಕಿ ಬಂದಿದ್ದಾರೆ ಅಕ್ಕಾ. ನಮ್ಮ ಆಸ್ಪತ್ರೆ ಡಾಕ್ಟರೂ ಜೊತೆಗಿರ್ತಾರೆ. ಆಮೇಲೆ ಕಣ್ಣು ನೋಡಿಕೊಳ್ಳೋರೂ ಅವರೇ, ಇಲ್ಲೇ ಇರ್ತಾರಲ್ಲ."

ಟೈಲರಮ್ಮ ಒಲ್ಲದ ಮನಸ್ಸಿನಿಂದಲೇ ಹೊರಟರು.

ಶಿಬಿರದಲ್ಲಿ ಹೊರದೇಶದ ನರ್ಸೊಬ್ಬಳಿದ್ದಳು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಜನ ಆಗಲೇ ಅವಳಿಗೆ 'ಉದ್ದಕ್ಕ' ಎಂದು ಹೆಸರಿಟ್ಟಾಗಿತ್ತು. ಕನ್ನಡ ಕಲಿಯಬೇಕೆಂದು ಅವಳಿಗೆ ಬಲು ಆಸೆ. ಬೆಳಗ್ಗೆಯಿಂದ "ಕಣ್ಣು ತೆಗೀರಿ" ಅನ್ನುತ್ತಿದ್ದಳು, ಜನ ಕಣ್ಣು ತೆರೆಯುತ್ತಿದ್ದರು. ಮಾತು ನಾಲಿಗೆಗೆ ಹತ್ತಿತು ಎಂದು ಅವಳಿಗೂ ಹಿಗ್ಗು.

ಟೈಲರಮ್ಮನ ಬಿಪಿ ನೋಡಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿದರು. ಎಲ್ಲ ಸರಿಯಿತ್ತು. ಬೇಕರಿಯಾಕೆ ಇನ್ನೊಬ್ಬರನ್ನು ಕರೆತರಲು ಗೇಟಿನ ಕಡೆ ಹೋದಳು. ಅಷ್ಟರಲ್ಲಿ ಉದ್ದಕ್ಕ ಪ್ರೀತಿಯಿಂದ ಟೈಲರಮ್ಮನ ಕೈ ಹಿಡಿದು, ಮುಖವರಳಿಸಿಕೊಂಡು ಹೇಳಿದಳು:

"ಅಮ್ಮಾ, ಹೆದರಬೇಡಿ. ಇವತ್ತು ಆಪರೇಷನ್. ನಾಳೆ ನಿಮ್ಮ ಕಣ್ಣು ತೆಗೀತೀವಿ!"

ಟೈಲರಮ್ಮ ಕೈ ಕೊಸರಿಕೊಂಡು ಎದ್ದವರು ಮನೆ ಮುಟ್ಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲ. ಒಂದು ಚಪ್ಪಲಿ ಆಸ್ಪತ್ರೆಯಲ್ಲೇ ಉಳಿಯಿತು. ಬೆಂಚಿನ ಮೇಲಿದ್ದ ಮತ್ತಷ್ಟು ಜನ ಅವರ ಹಿಂದೆಯೇ ಕಾಲಿಗೆ ಬುದ್ಧಿ ಹೇಳಿದರು.

"ಬಾಯ್ಬಿಟ್ಟು ಹೇಳಿದಳು ಕಣ್ರೀ! ನಗ್ತಾ ಹೇಳಿದಳು! ನಾಳೆ ಕಣ್ಣು ತೆಗೀತಾರಂತೆ!" ಎಂದು ಟೈಲರಮ್ಮ ಗಂಡನ ಮುಂದೆ ಹೇಳಿಕೊಂಡರು.

ಸ್ವಲ್ಪ ಹೊತ್ತಿಗೆ ಬೇಕರಿಯಾಕೆ ಓಡೋಡಿ ಬಂದಳು. ಹಿಂದೆಯೇ ಉದ್ದಕ್ಕ, ಕೈಯಲ್ಲಿ ಆ ಒಂಟಿ ಚಪ್ಪಲಿ.

"ಅಕ್ಕಾ, ಬಾಗಿಲು ತೆಗಿ ಅಂತೀವಲ್ಲ, ಹಾಗೆ ಅಂದದ್ದು ಅವಳು! ನಾಳೆ ಪಟ್ಟಿ ಬಿಚ್ಚಿ ಕಣ್ಣು ತೆರೆಸ್ತೀವಿ ಅನ್ನೋಕೆ ಹೋಗಿ ಕಣ್ಣು ತೆಗೀತೀವಿ ಅಂದುಬಿಟ್ಟಳು. ತೆಗೆಯೋದು ಪೊರೆ ಮಾತ್ರ. ಅದರ ಜಾಗದಲ್ಲಿ ತಿಳಿಯಾದ ಒಂದು ಪುಟ್ಟ ಲೆನ್ಸ್ ಕೂರಿಸ್ತಾರೆ. ಕಣ್ಣು ಇದ್ದಲ್ಲೇ ಇರುತ್ತೆ!"

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಅವಳಿಗೆ 'ಕಣ್ಣು ಬಿಡಿ' ಅನ್ನೋಕೆ ಕಲಿಸಮ್ಮ. ಬೇಡ, ಬೇಡ! ಇವಳು ಕಣ್ಣನ್ನ ಅಲ್ಲೇ ಬಿಟ್ಟು ಹೋಗು ಅಂತಿದ್ದಾರೆ ಅಂದ್ಕೋತಾಳೆ!"

ಉದ್ದಕ್ಕನಿಗೆ ವಿಷಯ ತಿಳಿದು ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಅಮ್ಮಾ" ಎಂದಳು. ಆ ಮಾತನ್ನು ಮಾತ್ರ ಸ್ವಲ್ಪವೂ ತಪ್ಪಿಲ್ಲದೆ ಹೇಳಿದಳು. ಅಷ್ಟು ದೂರದಿಂದ ಬಂದವಳು ತನ್ನ ಚಪ್ಪಲಿ ಹಿಡಿದು ನಿಂತಿದ್ದಾಳಲ್ಲ ಎಂದು ಟೈಲರಮ್ಮನ ಮನಸ್ಸು ಕರಗಿತು.

"ನೋವಾಗುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಮೊದಲು ಮರಗಟ್ಟೋ ಔಷಧಿ ಕೊಡ್ತಾರೆ ಅಕ್ಕಾ. ನಾನು ಬಾಗಿಲಲ್ಲೇ ಇರ್ತೀನಿ. ಈ ಸಲ ಎಲ್ಲಿಗೂ ಹೋಗಲ್ಲ."

ಟೈಲರಮ್ಮ ಎದ್ದರು. ದಾರಿಯಲ್ಲಿ ಓಡಿಹೋದವರ ಮನೆ ಬಾಗಿಲನ್ನೂ ತಟ್ಟಿದರು. "ಬನ್ರೋ, ಕಣ್ಣು ಕೀಳಲ್ಲವಂತೆ!"

ಅಂದೇ ಆಪರೇಷನ್ ಆಯಿತು, ಮರುದಿನ ಪಟ್ಟಿ ಬಿಚ್ಚಿದರು. ಮೊದಲು ಬರೀ ಬೆಳಕು. ಆಮೇಲೆ ಎದುರಿಗೆ ನಿಂತ ಯಜಮಾನರು ಕಂಡರು. ಟೈಲರಮ್ಮ ಅವರನ್ನು ದಿಟ್ಟಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು, ಕಾಲರ್ ಇಷ್ಟು ಸೊಟ್ಟಗಿದೆ? ಯಾವ ಪುಣ್ಯಾತ್ಮ ಹೊಲಿದದ್ದು?"

"ಇನ್ಯಾರು, ನೀನೇ! ತೊಟ್ಟುಕೊಂಡು ಊರೆಲ್ಲ ತಿರುಗಿದ್ದೀನಿ."

ವಾರ್ಡಿಗೆ ವಾರ್ಡೇ ನಕ್ಕಿತು. ಟೈಲರಮ್ಮ ನಗುತ್ತಲೇ ಅತ್ತರು. ಮಿಷನ್ ಮುಚ್ಚಿಡಬೇಕಾಗಿಲ್ಲ ಎಂಬ ಖುಷಿಗೇ ಅತ್ತರು. "ಅಕ್ಕಾ, ಅಳಿ, ಆದ್ರೆ ಕಣ್ಣು ಮಾತ್ರ ಉಜ್ಜಬೇಡಿ!" ಎಂದು ಬೇಕರಿಯಾಕೆ ಕೂಗಿದಳು.

ಟೈಲರಮ್ಮ ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಪಾಲಿಸಿದರು. ಡಾಕ್ಟರು ಹೇಳಿದಷ್ಟು ದಿನ ಡ್ರಾಪ್ಸ್ ಹಾಕಿಸಿಕೊಂಡರು, ಕಣ್ಣಿಗೆ ನೀರು ತಾಗಿಸಲಿಲ್ಲ, ಭಾರ ಎತ್ತಲಿಲ್ಲ, ಕರೆದ ದಿನ ಹೋಗಿ ತೋರಿಸಿಕೊಂಡರು. ಡಾಕ್ಟರು ಹೂಂ ಅಂದ ಮೇಲೆ ಮಿಷನ್ ಮುಂದೆ ಕುಳಿತರು ನೋಡಿ! ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಮೊದಲ ಅಳತೆ ಕೊಟ್ಟವರು ಕಂಡಕ್ಟರೇ.

ಮತ್ತೆ ಶಿಬಿರ ಬಂದಾಗ ಟೈಲರಮ್ಮ ಅಂಗಡಿ ಮುಚ್ಚಿ ಆಸ್ಪತ್ರೆಗೆ ನಡೆದರು. ಎದೆಯ ಮೇಲೆ ಸ್ವಯಂಸೇವಕಿ ಎಂಬ ಬಿಲ್ಲೆ. ಬೆಂಚಿನ ತುದಿಯಲ್ಲಿ ಒಬ್ಬ ಬಡಗಿ, ಏಳಲೋ ಬೇಡವೋ ಎಂದು ಬಾಗಿಲ ಕಡೆಯೇ ನೋಡುತ್ತಿದ್ದ. ಟೈಲರಮ್ಮ ಅವನ ಪಕ್ಕ ಹೋಗಿ ಕುಳಿತರು.

"ಓಡಿಹೋಗೋಣ ಅನ್ಸುತ್ತಾ ಅಣ್ಣಾ?"

"ಹೂಂ ಅಮ್ಮಾ."

"ನಾನೂ ಓಡಿದ್ದೆ. ಬಾ, ಒಳಗೆ ಹೋಗೋವರೆಗೂ ನಿನ್ನ ಕೈ ಹಿಡ್ಕೊಂಡಿರ್ತೀನಿ."

ಬಡಗಿ ಎದ್ದು ಓಡಲಿಲ್ಲ, ಕೈ ಚಾಚಿದ.

ಓದುತ್ತಿರುವ ಅಣ್ಣ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಮಂಜಾಗಿದೆಯೇ? ಇಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಪೊರೆ ಹಣ್ಣಾಗಲಿ ಎಂದು ಕಾಯಬೇಡಿ, ಅರ್ಥವಾಗದ ಮಾತನ್ನು ಮತ್ತೊಮ್ಮೆ ಕೇಳಲು ನಾಚಬೇಡಿ. ನಿಮ್ಮ ಕಣ್ಣು ಚೆನ್ನಾಗಿದೆಯೇ? ಹಾಗಾದರೆ ಶಿಬಿರಕ್ಕೆ ಒಂದು ದಿನ ಕೊಡಿ. ದೂರದಿಂದ ಬಂದವರು ಔಷಧಿ ತರುತ್ತಾರೆ, ಕೈಗುಣ ತರುತ್ತಾರೆ. ನಮ್ಮವರಿಗೆ ನಮ್ಮ ಮಾತಿನಲ್ಲಿ ಧೈರ್ಯ ಹೇಳಲು ನೀವೇ ಬರಬೇಕು.