ಮುದ್ದಮ್ಮನ ಬಲಗೈ ಎತ್ತಿಸಲು ಹೋದವರು

೧

ಮೊದಲ ವಾಕ್ಯ ಹೀಗಿತ್ತು: "ಶಿಲ್ಪಶ್ರೀ ಕಣ್ಣು ಮುಚ್ಚಿ ತನ್ನ ದೇಹ ಹೇಳುತ್ತಿದ್ದ ಮಾತನ್ನು ಕೇಳಿಸಿಕೊಂಡಳು." ಹೊಡೆದು ಹಾಕಿದೆ. ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅವಳ ದೇಹ ಹೇಳುತ್ತಿದ್ದುದು 'ತಿಂಡಿ ತಿನ್ನದೆ ಬಂದೆಯಲ್ಲ' ಎಂದಷ್ಟೇ.

ಎರಡನೆಯ ಸಲ ಮೈಸೂರಿನ ವರ್ಣನೆಯಿಂದ ಶುರು ಮಾಡಿದೆ. ಅರಮನೆ ಬಂತು, ಮಲ್ಲಿಗೆ ಬಂತು, ಮಸಾಲೆ ದೋಸೆಯೂ ಬರುವ ಲಕ್ಷಣ ಕಂಡಿತು. ಪ್ರವಾಸೋದ್ಯಮದವರ ಕೆಲಸ ನನಗೇಕೆ ಎಂದು ಅದನ್ನೂ ಬಿಟ್ಟೆ.

ಮೂರನೆಯದು: "ಮುದ್ದಮ್ಮ ಕುರ್ಚಿಯಲ್ಲಿ ಕೂತಿದ್ದರು."

ಇದು ಸಪ್ಪೆಯಾಗಿದೆ, ಗೊತ್ತು. ಆದರೆ ನಿಜ. ಉಳಿದವರೆಲ್ಲ ಕುಣಿಯುತ್ತಿದ್ದಾಗ ಅವರೊಬ್ಬರು ಕೂತಿದ್ದರು. ಇದರಿಂದಲೇ ಹೊರಡೋಣ.

೨

ಜಾಗ: ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ ಸಗಟು ಅಂಗಡಿಯೊಂದರ ಮಹಡಿ. ಅಂಗಡಿ ಸದಾಶಿವಯ್ಯನವರದು. ಎಪ್ಪತ್ತೊಂದು ವಯಸ್ಸು, ಶಿಲ್ಪಶ್ರೀಯ ತಂದೆಯ ಸ್ನೇಹಿತರು. "ಬಾಡಿಗೆ ಗೀಡಿಗೆ ಬೇಡ ಕಣಮ್ಮ. ಮಂಡಿ ಮೊಹಲ್ಲಾದೋನಿಗೆ ಮಂಡಿನೋವು ಬಂದಿದೆ, ಅದಕ್ಕೇನಾದ್ರೂ ಮಾಡು ಸಾಕು" ಎಂದು ಮಹಡಿಯ ಬೀಗದ ಕೈ ಕೊಟ್ಟಿದ್ದರು.

ಶಿಲ್ಪಶ್ರೀ ಚಾಮರಾಜಪುರಂನ ಹುಡುಗಿ. ಹದಿನಾಲ್ಕು ವರ್ಷ ಭರತನಾಟ್ಯ ಕಲಿತು, ಆಮೇಲೆ ಡಾನ್ಸ್ ಮೂವ್‌ಮೆಂಟ್ ಥೆರಪಿ ಓದಿದವಳು. ಬಾಯಲ್ಲಿ ಹೇಳಲಾಗದ್ದನ್ನು ಮೈ ಆಡಿಸಿ ಹೊರಗೆ ತರುವ ಚಿಕಿತ್ಸೆ ಅದು. (ಸದಾಶಿವಯ್ಯನವರ ಬಾಯಲ್ಲಿ ಅದು 'ಡಾನ್ಸ್ ಟ್ರಾಪಿ'. ಮೂರು ಸಲ ತಿದ್ದಿದಳು. ನಾಲ್ಕನೆಯ ಸಲ ಅವಳೇ ಟ್ರಾಪಿ ಎಂದಳು.) ಸರ್ಟಿಫಿಕೇಟು ಕೈಗೆ ಬರಬೇಕಾದರೆ ಒಂದು ಗುಂಪಿನ ಜೊತೆ ಹತ್ತು ವಾರ ಕೆಲಸ ಮಾಡಿ, ಪ್ರತಿ ವಾರ ಡೈರಿ ಬರೆದು, ಮಾರ್ಗದರ್ಶಕಿ ಸಂಘಮಿತ್ರ ಅವರಿಗೆ ಒಪ್ಪಿಸಬೇಕಿತ್ತು.

ಗುಂಪಿನಲ್ಲಿ ಸದಾಶಿವಯ್ಯನವರೂ ಸೇರಿ ಹನ್ನೊಂದು ಹಿರಿಯರು. ಅವರಲ್ಲೊಬ್ಬರು ಮುದ್ದಮ್ಮ. ಮೂವತ್ತೊಂದು ವರ್ಷ ನಗರದ ರಸ್ತೆ ಗುಡಿಸಿ ಮಾರ್ಚ್‌ನಲ್ಲಿ ನಿವೃತ್ತರಾದವರು. ಏಪ್ರಿಲ್‌ನಲ್ಲಿ ಅವರ ಬಲಗೈ ಭುಜಕ್ಕಿಂತ ಮೇಲೆ ಏಳುವುದನ್ನು ನಿಲ್ಲಿಸಿಬಿಟ್ಟಿತು. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು, ಏನೂ ಕಾಣಲಿಲ್ಲ. ಈಗ ದಿನಾ ಮೊಮ್ಮಗಳು ಸಿಂಚನ ತಲೆ ಬಾಚುತ್ತಾಳೆ. "ಸತ್ತ ಮೇಲೆ ಇನ್ನೊಬ್ರು ಬಾಚೋದು ಇದ್ದೇ ಇತ್ತು. ಈಗ್ಲೇ ಶುರುವಾಯ್ತು," ಎಂದರು ಮುದ್ದಮ್ಮ ಮೊದಲ ದಿನ. ಹೇಳಿ ಕುರ್ಚಿಯಲ್ಲಿ ಕೂತರು.

೩

ಮೊದಲ ವಾರ ಶಿಲ್ಪಶ್ರೀ, "ಎಲ್ಲರೂ ಆಳವಾಗಿ ಉಸಿರು ಎಳ್ಕೊಳ್ಳಿ" ಎಂದಳು. ಕೆಳಗೆ ಅದೇ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿ ಚೀಲ ಸುರಿಯುತ್ತಿದ್ದರು. ಹನ್ನೆರಡು ಜನ ಏಳು ನಿಮಿಷ ಸೀನಿದರು. (ಡೈರಿಯಲ್ಲಿ: 'ಗುಂಪು ಒಟ್ಟಾಗಿ ಭಾವನೆಗಳನ್ನು ಹೊರಹಾಕಿತು.')

ಎರಡನೆಯ ವಾರ, "ಮರ ಆಗಿ" ಎಂದಳು. ಸದಾಶಿವಯ್ಯ ತೆಂಗಿನಮರವಾಗಿ ತೂಗಾಡತೊಡಗಿದರು. ಮುದ್ದಮ್ಮ ಕೂತಲ್ಲಿಂದಲೇ ಕೇಳಿದರು: "ಯಾವ ಮರ ಮೇಡಮ್ಮೋರೆ? ಎಲೆ ಉದುರ್ಸೋದಾ, ಉದುರ್ಸದೇ ಇರೋದಾ?"

"ಯಾವುದಾದ್ರೂ ಪರವಾಗಿಲ್ಲ."

"ನಿಮಗೆ ಪರವಾಗಿಲ್ಲ. ಗುಡ್ಸೋರಿಗೆ ಏಳಿ ಆ ಮಾತ."

ಮೂರನೆಯ ವಾರ ಕನ್ನಡಿಯ ಆಟ. ಒಬ್ಬರು ಮಾಡಿದ್ದನ್ನು ಉಳಿದವರು ಹಾಗೆಯೇ ಮಾಡಬೇಕು. ಮುದ್ದಮ್ಮನ ಸರದಿ ಬಂದಾಗ ಅವರು ಏಳಲಿಲ್ಲ. ಹಾಗಾಗಿ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಅವರು ಮೂಗು ಉಜ್ಜಿದರು, ಎಲ್ಲರೂ ಉಜ್ಜಿದರು. ಅವರು ಆಕಳಿಸಿದರು, ಮಹಡಿಗೆ ಮಹಡಿಯೇ ಆಕಳಿಸಿತು. ಹತ್ತು ನಿಮಿಷದಲ್ಲಿ ನಾಲ್ಕು ಜನ ಗೊರಕೆ ಹೊಡೆಯುತ್ತಿದ್ದರು. ಶಿಲ್ಪಶ್ರೀ ಡೈರಿಯಲ್ಲಿ ಬರೆದಳು: 'ಮುದ್ದಮ್ಮ: ಪ್ರತಿರೋಧ.' ಎರಡು ಗೆರೆ ಎಳೆದಳು.

ಇಲ್ಲಿ ಶಿಲ್ಪಶ್ರೀ ನನ್ನನ್ನು ತಡೆಯುತ್ತಾಳೆ.

"ಸರ್, ನನ್ನನ್ನ ಇಷ್ಟೊಂದು ಪೆದ್ದಿ ಮಾಡ್ಬೇಡಿ. ಕೆಲಸ ಗೊತ್ತಿರೋಳು ನಾನು."

"ಗೊತ್ತಿದೆಯಮ್ಮ. ಅದೇ ಮುಂದೆ ಬರೋ ತೊಂದರೆ."

೪

ನಾಲ್ಕನೆಯ ವಾರ ಕಳೆದ ಮೇಲೆ ಅವಳು ರಾತ್ರಿಯೂಟದ ಹೊತ್ತಿಗೆ ತನ್ನ ಕೋರ್ಸಿನ ಪುಸ್ತಕ ತಿರುವಿದಳು. 'ಸಂಗೀತವನ್ನು ಸಾಧ್ಯವಾದಷ್ಟೂ ಅವರವರ ಸಂಸ್ಕೃತಿಯಿಂದಲೇ ಆರಿಸಿಕೊಳ್ಳಿ' ಎಂದಿತ್ತು. ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ತಾನು ಹಾಕುತ್ತಿದ್ದುದು ವೀಣೆಯ ಧ್ವನಿಸುರುಳಿ. ಮುದ್ದಮ್ಮ ಚಾಮರಾಜನಗರದ ಕಡೆಯಿಂದ ಬಂದವರು, ಯಾವ ಕೇರಿಯವರು ಎಂಬುದೂ ಸಿಂಚನಳ ಮಾತಿನಿಂದ ತಿಳಿದಿತ್ತು. ಉತ್ತರ ಹೊಳೆಯಿತು: ತಮಟೆ.

(ಓದುಗರೇ, ನನಗೂ ಅದೇ ಹೊಳೆಯಿತು. ನಿಮಗೂ ಹೊಳೆದಿದ್ದರೆ ಈಗ ಸುಮ್ಮನಿರಿ, ಮೂವರೂ ಒಟ್ಟಿಗೆ ಬೈಸಿಕೊಳ್ಳೋಣ.)

ಸಿದ್ದು ಎಂಬ ತಮಟೆ ಕಲಾವಿದನ ನಂಬರ್ ಸಿಕ್ಕಿತು. ಅವನು ಫೋನಿನಲ್ಲಿ ಕೇಳಿದ: "ಎಂಥ ಪ್ರೋಗ್ರಾಂ ಮೇಡಂ? ಮದುವೇಗೆ ಒಂದು ಏಟು, ಕಾಲೇಜಿಗೆ ಒಂದು ಏಟು, ಎಲೆಕ್ಷನ್‌ಗೆ ಒಂದು ಏಟು."

"ಒಬ್ಬರು ಕೈ ಎತ್ತೋ ಹಾಗೆ ಮಾಡ್ಬೇಕು."

"ಎಲೆಕ್ಷನ್ ಅನ್ನಿ."

"ಅಲ್ಲ ಸಿದ್ದು ಅವರೇ. ತೀರಾ ಹಳೇದು, ಮಣ್ಣಿಗೆ ಹತ್ತಿರ ಇರೋದು ಬಾರಿಸಿ."

ಸಿದ್ದು ಪ್ರಾಮಾಣಿಕ ಕಲಾವಿದ. ತೀರಾ ಹಳೆಯದು, ಮಣ್ಣಿಗೆ ಹತ್ತಿರದ್ದು ಎಂದರೆ ಅವನಿಗೆ ಗೊತ್ತಿದ್ದುದು ಒಂದೇ ಏಟು. ಹೆಣದ ಮುಂದೆ ಬಾರಿಸುವುದು.

ಐದನೆಯ ಶನಿವಾರ ಸಿದ್ದು ಮತ್ತು ಅವನ ಜೊತೆಗಾರ ಮಹಡಿಯ ಬಾಗಿಲಲ್ಲಿ ನಿಂತು ಬಾರಿಸಿದರು. ಗೋಡೆ ನಡುಗಿತು. ಎದುರಿನ ಅಂಗಡಿಗಳ ಷಟರ್ ಅರ್ಧ ಇಳಿದವು. ತೆಂಗಿನಕಾಯಿ ವ್ಯಾಪಾರಿ ಶಿವರುದ್ರಪ್ಪ ಒಂದು ಹಾರ ಕೊಂಡು ಮೆಟ್ಟಿಲು ಹತ್ತಿ ಬಂದರು. ಒಳಗೆ ಸದಾಶಿವಯ್ಯ ಮಂಡಿಗೆ ವಿಶ್ರಾಂತಿ ಕೊಡಲು ಚಾಪೆಯ ಮೇಲೆ ಅಂಗಾತ ಮಲಗಿ, ಕಣ್ಣಿನ ಮೇಲೆ ಬಿಳಿ ಟವೆಲ್ ಹಾಕಿಕೊಂಡಿದ್ದರು.

"ನಿನ್ನೆ ಸಾಯಂಕಾಲ ಮಾತಾಡ್ಸಿದ್ನಲ್ಲಪ್ಪ," ಎಂದು ಶಿವರುದ್ರಪ್ಪ ಗದ್ಗದಿತರಾಗಿ ಹಾರವನ್ನು ಅವರ ಎದೆಯ ಮೇಲಿಟ್ಟರು.

ಸದಾಶಿವಯ್ಯ ಟವೆಲ್ ಸರಿಸಿ, "ಏನು ಶಿವರುದ್ರಪ್ಪ, ಅಂಗಡಿ ಬಿಟ್ಟು ಬಂದ್ಬುಟ್ಟೆ?" ಎಂದರು.

ಶಿವರುದ್ರಪ್ಪ ಕಿರುಚಿದ್ದು ದೇವರಾಜ ಮಾರ್ಕೆಟ್ಟಿನವರೆಗೆ ಕೇಳಿಸಿತಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿಲ್ಪಶ್ರೀಯೂ ಕಣ್ಣೀರು ಬರುವಷ್ಟು ನಕ್ಕಳು. ಕಣ್ಣು ಒರೆಸಿಕೊಂಡು ನೋಡಿದರೆ ಕುರ್ಚಿ ಖಾಲಿ. ಮುದ್ದಮ್ಮ ಚಪ್ಪಲಿ ಮೆಟ್ಟಿಕೊಂಡು ಅರ್ಧ ಮೆಟ್ಟಿಲು ಇಳಿದಾಗಿತ್ತು. ಬಲಗೈಯನ್ನು ಎಡಗೈಯಲ್ಲಿ, ಯಾರದೋ ಮಗುವನ್ನು ಎತ್ತಿಕೊಂಡಂತೆ ಹಿಡಿದುಕೊಂಡಿದ್ದರು.

೪, ಇನ್ನೊಂದು ಸಲ

(ಇಲ್ಲಿ ನಗು ನಿಂತುಹೋಯಿತು. ಮುದ್ದಮ್ಮನೂ ನಕ್ಕಂತೆ ತಿದ್ದಿ ಬರೆದು ನೋಡಿದೆ. ಅವರ ಮುಖಕ್ಕೆ ಅದು ಅಂಟಲಿಲ್ಲ.)

ಸಂಜೆ ವಿಡಿಯೋ ಕಾಲ್‌ನಲ್ಲಿ ಸಂಘಮಿತ್ರ ಎಲ್ಲವನ್ನೂ ಕೇಳಿಸಿಕೊಂಡರು. ಹಾರದ ಪ್ರಸಂಗಕ್ಕೆ ತುಟಿ ಕಚ್ಚಿದರು. ಆಮೇಲೆ ಕೇಳಿದರು:

"ತಮಟೆ ತರಿಸೋ ವಿಷಯ ಮುದ್ದಮ್ಮ ಅವರನ್ನ ಕೇಳಿದ್ಯಾ?"

"ಪುಸ್ತಕದಲ್ಲಿ ಇತ್ತು ಮೇಡಂ..."

"ಅವರು ಪುಸ್ತಕದಲ್ಲಿ ಇದ್ರಾ, ಕುರ್ಚಿ ಮೇಲೆ ಇದ್ರಾ?"

ಸಂಘಮಿತ್ರ ಮೆತ್ತಗೆ ಹೇಳಿದರು: "ಐದು ವಾರದ ಡೈರಿ ಓದಿದೆ. ಮುದ್ದಮ್ಮ ಇದ್ದಾರೆ, ಅವರ ಪ್ರತಿರೋಧ ಇದೆ, ಮೆಣಸಿನಕಾಯಿಯೂ ಇದೆ. ನೀನೆಲ್ಲಿದ್ದೀಯ?"

೬

(ಐದನ್ನು ಹರಿದು ಹಾಕಿದೆ. ಶಿಲ್ಪಶ್ರೀ ಒಬ್ಬಳೇ ಕೆರೆಯ ದಂಡೆಯಲ್ಲಿ ಕೂತು ಎರಡು ಪುಟ ಚಿಂತಿಸುವ ದೃಶ್ಯವದು. ಅಸಲಿಗೆ ಅವಳು ಮರುದಿನ ಬೆಳಿಗ್ಗೆ ಆಟೋ ಹತ್ತಿ ಮುದ್ದಮ್ಮನ ಮನೆಗೆ ಹೋದಳು.)

ಸಿಂಚನ ಬಾಗಿಲು ತೆಗೆದು ಚಾಪೆ ಹಾಸಿದಳು. ಶಿಲ್ಪಶ್ರೀ ಕೂತಳು. ಒಳಗಿನಿಂದ ಬಂದ ಮುದ್ದಮ್ಮ ಎದುರಿಗೆ ಕೂತು, "ಏಳಿ" ಎಂದರು.

ಶಿಲ್ಪಶ್ರೀ ತಟ್ಟನೆ ಎದ್ದು ನಿಂತಳು.

"ಯಾಕೆ ಎದ್ರಿ?"

"ಏಳಿ ಅಂದ್ರಲ್ಲ."

"ಬಾಯಲ್ಲಿ ಏಳಿ ಅಂದೆ ಕಣಮ್ಮ. ಯಾಕೆ ಬಂದ್ರಿ ಅಂತ." ಮುದ್ದಮ್ಮನ ತುಟಿಯ ಕೊನೆ ಒಂದಿಷ್ಟು ಅಲುಗಿತು. "ಕುತ್ಕಳಿ."

"ತಪ್ಪಾಯ್ತು ಅಂತ ಹೇಳೋಕೆ ಬಂದೆ. ನಿಮ್ಮದೇ ಸಂಗೀತ ಅಂದ್ಕೊಂಡೆ."

"ನಮ್ದೇ. ಸಿದ್ದು ಚೆನ್ನಾಗೇ ಬಾರಿಸ್ದ. ಅವನಿಗೆ ಅದು ಅಭಿಮಾನ, ಸ್ಟೇಜೂ ಸಿಗ್ತಾ ಅದೆ. ಬಾರಿಸ್ಲಿ." ಮುದ್ದಮ್ಮ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನಮ್ಮಪ್ಪ ಬಾರಿಸ್ತಿದ್ದ ಕಾಲ ಬೇರೆ. ದೊಡ್ಡ ಮನೇಲಿ ಯಾರಾದ್ರೂ ಸತ್ತೋದ್ರೆ ಕರೆ ಬರೋದು. ಗೇಟಿನ ಆಚೆ ನಿಂತು ಬೆಳಗಿಂದ ಬಾರಿಸ್ಬೇಕು. ಕಾಫಿ ಕೊಟ್ರೆ ಬೇರೆ ಲೋಟ. ಮನೇಗೆ ಬಂದ್ರೆ ಎರಡು ದಿನ ಅವನಿಗೆ ಕಿವಿ ಕೇಳ್ತಿರ್ಲಿಲ್ಲ. ನಾನು ಮಾತಾಡ್ಸಿದ್ರೆ ಸುಮ್ನೆ ನಗೋನು."

ಆಮೇಲೆ ಅವರೇ ಕೇಳಿದರು: "ನಿಮ್ಮ ಮನೇಲಿ ಯಾರಾದ್ರೂ ಓದಾಗ ತಮಟೆ ಬಾರಿಸಿದ್ರಾ?"

ಬಾರಿಸಿದ್ದರು. ಅಜ್ಜ ಲಿಂಗೈಕ್ಯರಾದಾಗ ಶಿಲ್ಪಶ್ರೀಗೆ ಒಂಬತ್ತು ವರ್ಷ. ಅಜ್ಜನನ್ನು ವಿಭೂತಿ ಹಚ್ಚಿ ಕೂರಿಸಿದ್ದು ನೆನಪಿತ್ತು, ಮಠದಿಂದ ಬಂದ ಸ್ವಾಮಿಗಳ ಪಾದುಕೆ ನೆನಪಿತ್ತು, ತಮಟೆಯ ಸದ್ದಿಗೆ ಎದೆ ಝಲ್ಲೆಂದದ್ದೂ ನೆನಪಿತ್ತು.

"ಬಾರಿಸಿದ್ದು ಯಾರು?"

ಶಿಲ್ಪಶ್ರೀ ನೆನಪಿಸಿಕೊಳ್ಳಲು ನೋಡಿದಳು. ಸದ್ದು ಇತ್ತು, ಗೇಟು ಇತ್ತು. ಗೇಟಿನಾಚೆ ಒಂದು ಮುಖವೂ ಇರಲಿಲ್ಲ. ಹದಿನಾಲ್ಕು ವರ್ಷ ನೃತ್ಯ ಕಲಿತ ಮೈ ಅವಳದು. ಕೈಯನ್ನು ಎಲ್ಲಿಡಬೇಕೆಂಬುದೇ ಅದಕ್ಕೆ ಆಗ ತಿಳಿಯಲಿಲ್ಲ.

"ಗೊತ್ತಿಲ್ಲ," ಎಂದಳು.

"ಊಂ," ಎಂದರು ಮುದ್ದಮ್ಮ. "ಸುಳ್ಳು ಏಳ್ಲಿಲ್ಲವಲ್ಲ, ಸಾಕು. ಕಾಫಿ ಕುಡೀತೀರಾ?"

(ನಾನು ಕಥೆಗಾರ. ನನ್ನ ಪಾತ್ರಗಳ ಮನೆಯೊಳಗೆಲ್ಲ ಚಪ್ಪಲಿ ಬಿಡದೆ ನುಗ್ಗುವವನು. ಈ ಕಾಫಿಯ ಹೊತ್ತಿಗೆ ಮಾತ್ರ ಬಾಗಿಲಲ್ಲೇ ನಿಂತೆ. ನಾನು ಬೆಳೆದದ್ದೂ ಶಿಲ್ಪಶ್ರೀಯಂತೆ ಗೇಟಿನ ಈಚೆಯೇ.)

ಲೋಟ ಕೆಳಗಿಟ್ಟು ಶಿಲ್ಪಶ್ರೀ ಕೇಳಿದಳು: "ನಿಮಗೆ ಏನು ಬೇಕು ಅಂತ ನಾನು ಕೇಳ್ಲೇ ಇಲ್ಲ. ಏನ್ ಮಾಡೋಣ?"

ಮುದ್ದಮ್ಮ ಬೇಗ ಉತ್ತರಿಸಿದರು. ತುಂಬ ದಿನದಿಂದ ಯೋಚಿಸಿಟ್ಟುಕೊಂಡಂತಿತ್ತು.

"ಮೂವತ್ತೊಂದು ವರ್ಷ ನಾನು ಕೆಲಸ ಮಾಡೋದು, ಮೇಸ್ತ್ರಿ ನಿಂತ್ಕೊಂಡು ನೋಡೋದು. ಈಗ ನಾನು ಕುತ್ಕೊಂಡು ನೋಡ್ತೀನಿ. ನೀವು ಕುಣೀರಿ."

೭

ಆರನೆಯ ಶನಿವಾರ ಮುದ್ದಮ್ಮ ಕುರ್ಚಿಯಲ್ಲಿ ಕೂತರು. ಶಿಲ್ಪಶ್ರೀ ನಡುವೆ ನಿಂತಳು.

"ಬಸ್ಸು ತಪ್ಪೋಗ್ತಾ ಅದೆ. ಓಡಿ."

ಶಿಲ್ಪಶ್ರೀ ಓಡಿದಳು.

"ಅದೇನು ಕೈನ ತಾವರೆ ಊವ ಇಡ್ಕೊಂಡಂಗೆ ಇಟ್ಕೊಂಡಿದ್ದೀರಿ? ಬುಡಿ ಕೈಯ. ನಿಮ್ಮ ಕೈಲಿರೋದು ಟಿಫನ್ ಕ್ಯಾರಿಯರ್."

ಅವಳು ಟಿಫನ್ ಕ್ಯಾರಿಯರ್ ಹಿಡಿದು ಓಡಿದಳು. ಹದಿನಾಲ್ಕು ವರ್ಷದ ಭರತನಾಟ್ಯ ಅದಕ್ಕೆ ಒಪ್ಪಲಿಲ್ಲ, ಬೆರಳುಗಳು ತಾವಾಗಿಯೇ ಅರಳುತ್ತಿದ್ದವು. ಸದಾಶಿವಯ್ಯ ತಾವಾಗಿಯೇ ಕಂಡಕ್ಟರ್ ಆದರು. "ಒಳಗೋಗಿ, ಒಳಗೋಗಿ, ಹಿಂದೆ ಖಾಲಿ ಇದೆ" ಎಂದು ಉಳಿದ ಒಂಬತ್ತೂ ಜನರನ್ನು ಮೂಲೆಗೆ ತಳ್ಳಿದರು. ಎಂದೂ ಬಗ್ಗದ ಮಂಡಿ ಬಗ್ಗಿಸಿ ಯಾರದೋ ಬಿದ್ದ ಟಿಕೆಟ್ಟನ್ನೂ ಎತ್ತಿಕೊಟ್ಟರು.

"ಸೀಟಿಲ್ಲ. ಮೇಲೆ ಕಂಬಿ ಇಡ್ಕಳಿ," ಎಂದರು ಮುದ್ದಮ್ಮ.

ಶಿಲ್ಪಶ್ರೀ ಹಿಡಿದಳು.

"ಅಂಗಲ್ಲ. ಅಂಗೆ ಇಡ್ಕೊಂಡ್ರೆ ಬ್ರೇಕ್ ಆಕುದ್ರೆ ಬಿದ್ದೋಯ್ತೀರಿ. ಇಂಗೆ."

ತೋರಿಸಲು ಅವರು ಎತ್ತಿದ್ದು ಬಲಗೈ. ಅದು ಭುಜ ದಾಟಿತು, ಕಿವಿಯ ಪಕ್ಕಕ್ಕೆ ಬಂತು, ಅಲ್ಲಿ ನಿಂತಿತು.

ಬಸ್ಸಿನ ಗಲಾಟೆಯಲ್ಲಿ ಉಳಿದವರು ನೋಡಲಿಲ್ಲ. ಶಿಲ್ಪಶ್ರೀ ನೋಡಿದಳು. ಹೊಗಳುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡಳು. ಬ್ರೇಕು ಬಿದ್ದವಳಂತೆ ಮುಂದಕ್ಕೆ ಮುಗ್ಗರಿಸಿದಳು. ಮುದ್ದಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಸೆರಗು ಹಿಡಿದಿದ್ದು ಎಡಗೈ.

೮

ಈಗ ಕೊನೆಗಳು.

(ಅ) ಹತ್ತನೆಯ ವಾರ ಮುದ್ದಮ್ಮನ ಕೈ ಪೂರ್ತಿ ಮೇಲೇಳುತ್ತದೆ. ಎಲ್ಲರೂ ಅಳುತ್ತಾರೆ.

(ಆ) ಶಿಲ್ಪಶ್ರೀಗೆ ಸರ್ಟಿಫಿಕೇಟು ಬರುತ್ತದೆ. ಅವಳು ಒಂದು ಸಮ್ಮೇಳನದಲ್ಲಿ ಸ್ಲೈಡ್ ಹಾಕಿ ಈ ಪ್ರಸಂಗವನ್ನು ಹೇಳುತ್ತಾಳೆ. ಸ್ಲೈಡಿನಲ್ಲಿ ಮುದ್ದಮ್ಮನ ಹೆಸರು 'ಎಂ' ಎಂದಷ್ಟೇ ಇರುತ್ತದೆ.

(ಇ) ಸದಾಶಿವಯ್ಯನವರ ಮಂಡಿ...

"ತಡೀರಿ," ಎಂದರು ಮುದ್ದಮ್ಮ. ಶಿಲ್ಪಶ್ರೀಗಲ್ಲ, ನನಗೆ. "ನನ್ ಕೈ ಎತ್ಸಕ್ಕೆ ನಿಮಗ್ಯಾಕೆ ಇಷ್ಟು ಆತುರ?"

"ಕಥೆ ಮುಗೀಬೇಕಲ್ಲಮ್ಮ."

"ಕೈ ನಂದು, ಕತೆ ನಿಮ್ದು. ನಿಮ್ಮ ಕತೆ ಮುಗೀಲಿ ಅಂತ ನನ್ ಕೈ ಎತ್ತಕ್ಕಾಯ್ತದಾ? ಆವತ್ತಿಂದ ನೋಡ್ತಾ ಇದೀನಿ. ಆ ಮೇಡಮ್ಮ ಓಡುದ್ಲು, ಸದಾಶಿವಯ್ಯನೋರು ಬಗ್ಗುದ್ರು. ನೀವು ಮಾತ್ರ ಕುಂತೇ ಇದ್ದೀರಿ."

"ಬರೆಯೋದು ಕೂತ್ಕೊಂಡೇ ಅಲ್ವಾ?"

"ಎದ್ ನಿಂತ್ಕಳಿ."

"ನನಗೆ ಕುಣಿಯೋಕೆ ಬರಲ್ಲಮ್ಮ."

"ಬತ್ತದಾ ಅಂತ ಯಾರು ಕೇಳುದ್ರು?"

ಎದ್ದೆ. ಮೇಜಿಗೂ ಬೀರುವಿಗೂ ನಡುವೆ ಎರಡಡಿ ಜಾಗ. ಪಂಚೆ ಮೇಲೆ ಕಟ್ಟಿಕೊಂಡೆ. ಎದುರುಮನೆಯವರು ಬಟ್ಟೆ ಒಣಹಾಕುತ್ತಿದ್ದರು, ಕಿಟಕಿ ಮುಚ್ಚಲು ಹೋದೆ. "ತೆಗ್ದೇ ಇರ್ಲಿ," ಎಂದರು. ಬಲಗಾಲು ಎತ್ತಲು ಹೇಳಿದರು. ಎತ್ತಿದೆ. ಒಂದು ಕೈಯಲ್ಲಿ ಬೀರು ಹಿಡಿದುಕೊಂಡು, ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಿ.

ಕಾಲು ಇಳಿಸಬಹುದೆಂದು ಅವರು ಇನ್ನೂ ಹೇಳಿಲ್ಲ.