ಎರಡು ಬೆರಳು ಕಡಿಮೆ

ಕುರೆಕುಪ್ಪದಲ್ಲಿ ನಮ್ಮ ಗುರುಗಳಾದ ಅಜ್ಜಾರ ಮನೆಯಲ್ಲಿ ಪ್ರತಿ ಗುರುವಾರ ಭಜನೆ ಮುಗಿದ ಮೇಲೆ ನೀರು ಕೊಡುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ನೀರು ಕೊಡುವುದೇನು ಮಹಾ ಕೆಲಸ ಎನ್ನಬೇಡಿ. ದೀಕ್ಷೆ ಪಡೆದವರಿಗೆ ನಾವು 'ಒಳಗಿನವರು' ಎನ್ನುತ್ತಿದ್ದೆವು; ಅವರಿಗೆ ತುಂಬಿದ ಲೋಟ. ಸುಮ್ಮನೆ ನೋಡಲು ಬಂದವರು 'ಬಯಲಿನವರು'. ಅವರಿಗೆ ಕಾಗದದ ಕಪ್ಪು. ದೀಕ್ಷೆ ಪಡೆದೂ ಅಜ್ಜಾರ ಮಾತಿಗೆ ಅನುಮಾನಪಟ್ಟವರು 'ಸೋರೋ ಕೊಡ'. ಅವರಿಗೂ ಲೋಟವೇ, ಆದರೆ ಎರಡು ಬೆರಳು ಕಡಿಮೆ. ಯಾರೂ ಯಾರನ್ನೂ ಬೈಯುವುದಿಲ್ಲ. ಆ ಕಡಿಮೆ ಲೋಟ ಕಂಡರೆ ಸಾಕು, ಪಕ್ಕದವರು ಸರಿದು ಕೂರುತ್ತಾರೆ. ಅವತ್ತಿನಿಂದ ಅವರ ಮನೆಯಲ್ಲಿ ನಮ್ಮವರು ನೀರು ಮುಟ್ಟುವುದಿಲ್ಲ.

ನನ್ನ ತಂಗಿ ರಮಾ ಹೊಸಪೇಟೆಯಲ್ಲಿ ನರ್ಸ್. ಅವಳೂ ದೀಕ್ಷೆ ಪಡೆದವಳೇ. "ತೀರ್ಥದ ಜೊತಿಗೆ ಮಾತ್ರಿನೂ ತಗೊಂಡ್ರ ಏನಾಕ್ಕತ್ರಿ ಅಜ್ಜಾರ?" ಎಂದು ಒಮ್ಮೆ ಎಲ್ಲರೆದುರು ಕೇಳಿಬಿಟ್ಟಳು. ಆ ಗುರುವಾರ ಅವಳ ಲೋಟ ಅಳೆದವಳು ನಾನೇ. ಲೋಟ ನೋಡಿದಳು, ನನ್ನ ಮುಖ ನೋಡಿದಳು, ಕುಡಿದು ಎದ್ದು ಹೋದಳು. ಆಮೇಲೆ ಆರು ವರ್ಷ ನಾನು ಅವಳ ಹೊಸ್ತಿಲು ತುಳಿಯಲಿಲ್ಲ. ಅದಕ್ಕೆ ಹೆಮ್ಮೆಯೂ ಪಟ್ಟೆ, ಸುಳ್ಳೇಕೆ ಹೇಳಲಿ.

ಈ ಬೇಸಿಗೆಯಲ್ಲಿ, ಸಂಡೂರಿನ ಅದಿರು ಲಾರಿ ಓಡಿಸುವ ನನ್ನ ಗಂಡನಿಗೆ ಕೆಮ್ಮು ಹತ್ತಿತು. ಇಪ್ಪತ್ತೊಂದು ದಿನ ತೀರ್ಥ, ಆಸ್ಪತ್ರೆ ಬೇಡ ಎಂದರು ಅಜ್ಜಾರು. ಹದಿನೈದನೆಯ ದಿನ ಟವೆಲ್ಲಿನಲ್ಲಿ ರಕ್ತ ಕಂಡಿತು. ಬೇರೆ ದಾರಿ ತೋಚದೆ ರಮಾಗೆ ಫೋನ್ ಮಾಡಿದೆ.

"ಜಲ್ದಿ ಕರ್ಕೊಂಡು ಬಾ ಅಕ್ಕ," ಎಂದಳು, ಅಷ್ಟೇ.

ಅವಳ ಆಸ್ಪತ್ರೆಯಲ್ಲಿ ತೋರಿಸಿದಾಗ ಟಿಬಿ ಎಂದು ಗೊತ್ತಾಯಿತು. ಆರು ತಿಂಗಳು ಮಾತ್ರೆ ತಪ್ಪಿಸದಿದ್ದರೆ ಗುಣವಾಗುತ್ತದೆ ಎಂದರು ಡಾಕ್ಟರು.

ಸುದ್ದಿ ನನಗಿಂತ ಮೊದಲೇ ಅಜ್ಜಾರ ಮನೆ ಮುಟ್ಟಿತ್ತು. ಮುಂದಿನ ಗುರುವಾರ ಹೋದರೆ ನೀರಿನ ಕೊಡದ ಹತ್ತಿರ ದುರುಗವ್ವ ನಿಂತಿದ್ದಳು. ಅವಳಿಗೆ ಅಳತೆ ಕಲಿಸಿದ್ದು ನಾನೇ. ಲೋಟ ಕೊಟ್ಟಳು, ಸರಿಯಾಗಿ ಎರಡು ಬೆರಳು ಕಡಿಮೆ. ಬಲಕ್ಕೆ ಕೂತಿದ್ದ ನಿಂಗಕ್ಕ ಸೆರಗು ಎಳೆದುಕೊಂಡು ಸರಿದಳು. ದುರುಗವ್ವನ ಮೇಲೆ ಸಿಟ್ಟು ಬರಲಿಲ್ಲ. ಕಲಿಸಿದ್ದನ್ನು ಅವಳು ಅಚ್ಚುಕಟ್ಟಾಗಿ ಮಾಡಿದ್ದಳು.

ಅಲ್ಲಿಂದ ನೇರ ಹೊಸಪೇಟೆ ಬಸ್ ಹತ್ತಿದೆ. ರಮಾಳ ಬಾಗಿಲಿನಲ್ಲಿ ನಿಂತಾಗ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

"ಯಾಕ ನಿಂತಿ? ಬಾ, ಕುಂದ್ರು ಅಕ್ಕ," ಎಂದು ಅಡುಗೆಮನೆಗೆ ಹೋಗಿ ಲೋಟದ ತುಂಬ ನೀರು ತಂದಳು.

"ಅವತ್ತು ನಾನು ನಿನಗ..." ಎಂದೆ.

"ಮೊದ್ಲು ನೀರು ಕುಡಿ."

ಅಂಚಿನವರೆಗೂ ತುಂಬಿದ ಲೋಟ ಎತ್ತುವಾಗ ಎರಡು ಬೆರಳಷ್ಟು ನೀರು ಸೀರೆಯ ಮೇಲೆ ಚೆಲ್ಲಿತು. ಅವಳು ಲೋಟ ಇಸಿದುಕೊಂಡು ಒಳಗೆ ಹೋಗಿ, ಮತ್ತೆ ತುಂಬಿಸಿ ತಂದು ಕೊಟ್ಟಳು.