ಶೀಶೆಯಲ್ಲಿ ತಂದ ನೀರು

ಮೀನು ಸಾಕುವವರ ಸಂಘದ ಹರಾಜಿನಲ್ಲಿ ಒಂದು ಜೊತೆ ಗಪ್ಪಿ ಮೀನು ಎರಡು ಡಾಲರಿಗೆ ಹೋಗುತ್ತಿತ್ತು. ಯಾರದೋ ಗ್ಯಾರೇಜಿನಲ್ಲಿ ಧೂಳು ಹಿಡಿದು ಕೂತಿದ್ದ ಗಾಜಿನ ತೊಟ್ಟಿ ಇಪ್ಪತ್ತಕ್ಕೆ ಸಿಗುತ್ತಿತ್ತು. ಹೀಟರಿಗೆ ಅದಕ್ಕಿಂತ ಹೆಚ್ಚು, ಒಳ್ಳೆಯ ಫಿಲ್ಟರಿಗೆ ಅದರ ಎರಡರಷ್ಟು. ಸಭೆ ಸೇರುವ ಚರ್ಚಿನ ನೆಲಮಾಳಿಗೆಗೆ ಬಾಡಿಗೆ ಇರಲಿಲ್ಲ, ಕಾಫಿಗೆ ಡಬ್ಬಿಯಲ್ಲಿ ಕೈಗೆ ಬಂದಷ್ಟು ಚಿಲ್ಲರೆ ಹಾಕಿದರಾಯಿತು. ಸಲಹೆಗಂತೂ ಕಾಸೇ ಇಲ್ಲ. ಆದರೆ ಹೊಸಬರಿಗೆ ಎಲ್ಲಕ್ಕಿಂತ ದುಬಾರಿಯಾಗುತ್ತಿದ್ದದ್ದು ಅದೇ. ಎಲ್ಲರೆದುರು ನಗೆಪಾಟಲಾಗಿ ಅದರ ಬೆಲೆ ತೆರಬೇಕಿತ್ತು.

ಸಲಹೆಯ ಮೇಜು ಮಾರ್ವಿನ್ ಡೊಂಬ್ರೋಸ್ಕಿಯದು. ಟೈರು ಕಾರ್ಖಾನೆಯಿಂದ ನಿವೃತ್ತನಾದ ಅವನ ಮನೆಯಲ್ಲಿ ಊಟದ ಕೋಣೆಯೊಂದನ್ನು ಬಿಟ್ಟು ಎಲ್ಲ ಕಡೆ ತೊಟ್ಟಿಗಳಿದ್ದವು. ಅಮೆರಿಕದ ಸ್ಯಾಂಡಸ್ಕಿ ಊರಿನ ಈ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಮೀನಿಗೆ ಏನೇ ಆಗಲಿ, ಬಾಯಿ ತೆರೆಯುವ ಮೊದಲು ತೊಟ್ಟಿಯ ನೀರನ್ನು ಶೀಶೆಯಲ್ಲಿ ತಂದು ಮೇಜಿನ ಮೇಲಿಡಬೇಕು. ಮಾರ್ವಿನ್ ಅದರಲ್ಲಿ ಸ್ವಲ್ಪ ಸ್ವಲ್ಪ ನೀರನ್ನು ಸಣ್ಣ ಗಾಜಿನ ಕೊಳವೆಗಳಿಗೆ ಸುರಿದು, ಹನಿ ಔಷಧಿ ಬಿಟ್ಟು, ಬಣ್ಣ ನೋಡಿ ತೀರ್ಪು ಹೇಳುತ್ತಿದ್ದ. ತೀರ್ಪು ಬಹುತೇಕ ಸರಿಯಾಗಿರುತ್ತಿತ್ತು. ಜನ ಸುತ್ತ ನಿಲ್ಲುತ್ತಿದ್ದದ್ದು ಮಾತ್ರ ಅವನ ನಾಲಿಗೆಗಾಗಿ.

ಐವಾ ಪ್ರೂಯಿಟ್ ಮೊದಲ ಬಾರಿ ಬಂದ ಸಂಜೆ ಅಲ್ಲಿ ಕ್ಲೈಡ್ ಎಂಬವನ ಸರದಿ. ಅವನ ಶೀಶೆಯ ನೀರು ಕಂದು ಬಣ್ಣಕ್ಕೆ ತಿರುಗಿತ್ತು.

"ಏನ್ರೀ ಇದು, ತೊಟ್ಟಿ ನೀರಾ, ಲಾರಿ ರೇಡಿಯೇಟರ್ ನೀರಾ?" ಎಂದ ಮಾರ್ವಿನ್.

"ಒಳಗೆ ಮರದ ತುಂಡು ಇಟ್ಟಿದ್ದೆ. ಅದಕ್ಕಿರಬಹುದು ಅಂತ…"

"ತುಂಡಾ? ನೋಡಿದ್ರೆ ಇಡೀ ಮರಾನೇ ಮುಳುಗಿಸಿದ ಹಾಗಿದೆ. ಮೀನುಗಳು ದೀಪ ಹಿಡ್ಕೊಂಡು ಓಡಾಡ್ತಿವೆಯೇನೋ!"

ಎಲ್ಲರೂ ನಕ್ಕರು. ಮರ ಬಿಡುವ ಬಣ್ಣದಿಂದ ಮೀನಿಗೆ ತೊಂದರೆಯಿಲ್ಲ ಎಂದು ಮಾರ್ವಿನ್ ಆಮೇಲೆ ಸರಿಯಾದ ಉತ್ತರವನ್ನೇ ಕೊಟ್ಟ. ಅಷ್ಟರಲ್ಲಿ ಕ್ಲೈಡ್ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದ. ಶೀಶೆಯ ಮುಚ್ಚಳ ತಿರುಗಿಸುತ್ತ ತಲೆ ಆಡಿಸಿ ಹೊರಟುಹೋದ. ಡೋನಟ್ ಹಿಡಿದು ಗೋಡೆಗೊರಗಿ ನಿಂತಿದ್ದ ಐವಾ ಇದನ್ನೆಲ್ಲ ನೋಡಿದಳು. ಅಂದು ಅವಳು ಏನನ್ನೂ ಕೇಳಲಿಲ್ಲ.

ಅವಳಿಗೆ ಕೇಳಲೇಬೇಕಾದದ್ದಿತ್ತು. ಅವಳು ವೃದ್ಧರ ಆರೈಕೆ ಕೇಂದ್ರದಲ್ಲಿ ಸಹಾಯಕಿ. ಅಲ್ಲಿನ ಹಗಲು ಕೋಣೆಯಲ್ಲಿ ಉದ್ದನೆಯ ಒಂದು ತೊಟ್ಟಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ "ನಾನು ನೋಡ್ಕೋತೀನಿ" ಎಂದು ಐವಾ ತಾನಾಗಿ ಮುಂದೆ ಬಂದಿದ್ದಳು. ಅವಳ ಕೈಗೆ ಬಂದ ಮೇಲೇ ಮೀನುಗಳು ಸಾಯತೊಡಗಿದವು. ಬೆಳಿಗ್ಗೆ ಗಾಜಿನ ಮುಂದೆ ಗಾಲಿಕುರ್ಚಿ ನಿಲ್ಲಿಸಿಕೊಳ್ಳುವ ಹೋಲ್ಕಂಬ್ ಎಂಬ ಹಿರಿಯರು ಎಲ್ಲರಿಗಿಂತ ಮೊದಲು ಅದನ್ನು ಕಂಡುಹಿಡಿಯುತ್ತಿದ್ದರು. "ಇವತ್ತು ನನ್ನ ಭಾವಮೈದ ಕಾಣ್ತಿಲ್ಲ" ಎಂದರೆ, ಸಿಡುಕು ಮುಖದ ದೊಡ್ಡ ಮೀನು ಹೋಯಿತೆಂದು ಅರ್ಥ. ಮ್ಯಾನೇಜರಂತೂ ಸ್ಪಷ್ಟವಾಗಿ ಹೇಳಿದ್ದರು: "ಬೆಳಗಾದ್ರೆ ಹೆಣ ನೋಡೋ ಜಾಗ ಇದಾಗಬಾರದು, ಐವಾ. ಹೀಗೇ ಆದ್ರೆ ಬೇಸಿಗೆಗೆ ಮುಂಚೆ ಅದನ್ನ ತೆಗೆಸಿ ಟಿವಿ ಹಾಕಿಸ್ತೀನಿ."

ಮುಂದಿನ ತಿಂಗಳ ಸಭೆಗೆ ಹೊರಡುವಾಗ ಐವಾ ಉಪ್ಪಿನಕಾಯಿಯ ಖಾಲಿ ಶೀಶೆ ಹಿಡಿದು ತೊಟ್ಟಿಯ ಮುಂದೆ ನಿಂತಳು. ನೀರು ಮಸುಕಾಗಿತ್ತು, ಸ್ವಲ್ಪ ವಾಸನೆಯೂ ಇತ್ತು. ಕ್ಲೈಡನ ಕಿವಿ ಕೆಂಪಾಗಿದ್ದು ನೆನಪಾಯಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಶೀಶೆ ತುಂಬಿಸಿಕೊಂಡಳು. ಅದು ಮೋಸ ಎಂದು ಆಗ ಅನ್ನಿಸಲಿಲ್ಲ. ನೆಂಟರು ಬರುವ ಮೊದಲು ಮನೆ ಗುಡಿಸಿದ ಹಾಗೆ. ಅವಳು ಕೇಳಬೇಕೆಂದಿದ್ದದ್ದು ಕಾಯಿಲೆಯ ಬಗ್ಗೆ. ಶೀಶೆ ಎಂದರೆ ಒಳಗೆ ಹೋಗಲು ಬೇಕಾದ ಟಿಕೆಟ್ಟು, ಅಷ್ಟೇ.

ಮಾರ್ವಿನ್ ಹನಿ ಬಿಟ್ಟು ನೋಡಿದ. ಮೀನಿಗೆ ವಿಷವಾಗುವ ಅಮೋನಿಯಾ ಇಲ್ಲ. ನೈಟ್ರೈಟ್ ಇಲ್ಲ. ನೈಟ್ರೇಟಿನ ಮೂರನೇ ಪರೀಕ್ಷೆಗೆ ಚೆನ್ನಾಗಿ ಕುಲುಕಿ ಕಾಯಬೇಕು. ಆಚೆ ಹರಾಜು ಕೂಗುವವನು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಸಾಕು, ಸಾಕು. ನೋಡ್ರಪ್ಪಾ, ಹೊಸಬರು ಅಂದ್ರೆ ಹೀಗಿರಬೇಕು! ಮೊದಲ ದರ್ಜೆ ನೀರು. ತಪ್ಪು ನಿಮ್ಮದಲ್ಲ ಐವಾ, ಮೀನಿನ ಹೊಟ್ಟೇಲಿ ಹುಳ ಇರಬೇಕು. ಔಷಧಿ ಬರ್ಕೊಡ್ತೀನಿ, ಹಾಕಿ."

ಎಲ್ಲರೂ ಅವಳತ್ತ ಮೆಚ್ಚುಗೆಯಿಂದ ನೋಡಿದರು. ಐವಾಳಿಗೆ ಆ ಮೆಚ್ಚುಗೆ ಬೈಗುಳಕ್ಕಿಂತ ಕಷ್ಟವಾಯಿತು. ಆದರೂ ಔಷಧಿ ತಂದು ಹಾಕಿದಳು.

ಮತ್ತೆ ಸಭೆ ಸೇರುವಷ್ಟರಲ್ಲಿ ಇನ್ನಷ್ಟು ಮೀನು ಸತ್ತಿದ್ದವು. ಐವಾ ಮತ್ತೆ ತಿಳಿನೀರಿನ ಶೀಶೆಯೊಂದಿಗೆ ಬಂದಳು. ಮೊದಲ ಸಲ ತಂದದ್ದು ಅದಾದ ಮೇಲೆ ಎರಡನೇ ಸಲ ಬೇರೆಯದನ್ನು ತರುವುದು ಹೇಗೆ? ಈ ಸಲ ಮಾರ್ವಿನ್ ತಮಾಷೆ ಮಾಡಲಿಲ್ಲ. ಅವನ ತಲೆಗೆ ಹುಳ ಬಿಟ್ಟ ಹಾಗಾಗಿತ್ತು. ನೀರು ಚೆನ್ನಾಗಿದೆ, ಔಷಧಿ ಬಿದ್ದಿದೆ, ಹೀಟರ್ ಸರಿಯಿದೆ ಅನ್ನುತ್ತಾಳೆ. ಮತ್ತೆ ಸಾಯುತ್ತಿರುವುದು ಯಾಕೆ? ಆಚೆ ಹರಾಜು ಶುರುವಾದರೂ ಅವನು ಏಳಲಿಲ್ಲ. ಮೂರನೇ ಕೊಳವೆಯನ್ನು ಕುಲುಕಿ ಕೆಳಗಿಟ್ಟು ಕಾದ. ಮೀನಿನ ಹೊಲಸು ಹೆಚ್ಚಿದ್ದರೆ ಕೆಂಪಾಗಬೇಕಿದ್ದ, ಕಡೇ ಪಕ್ಷ ಕಿತ್ತಳೆಗೆ ತಿರುಗಬೇಕಿದ್ದ ನೀರು ಹಳದಿಯಾಗಿಯೇ ಉಳಿಯಿತು.

"ಐವಾ, ತೊಟ್ಟೀಲಿ ಗಿಡ ಇದೆಯಾ?"

"ಇದೆ. ಪ್ಲಾಸ್ಟಿಕ್ಕಿಂದು."

ಅವಳು ಕಾಫಿ ತರುವ ನೆಪದಲ್ಲಿ ಅತ್ತ ಸರಿದಳು. ಕಾಫಿಯ ಉಸ್ತುವಾರಿ ನೋಡುವ ಲೊರೆಟ್ಟಾ ಮೇಜಿನ ಹತ್ತಿರ ಬಂದು, "ಯಾಕೆ ಮಾರ್ವಿನ್, ದೆವ್ವ ಕಂಡವನ ಹಾಗೆ ಕೂತಿದ್ದೀಯ?" ಎಂದಳು.

"ಇದರಲ್ಲಿ ಒಂದು ಮೀನೂ ಉಚ್ಚೆ ಹೊಯ್ದಿಲ್ಲ, ಲೊರೆಟ್ಟಾ. ಮೀನಿನ ಹೊಲಸು ಕೊನೆಗೆ ಆಗೋ ನೈಟ್ರೇಟೇ ಇಲ್ಲ, ಅದನ್ನ ಹೀರಿಕೊಳ್ಳೋಕೆ ಜೀವ ಇರೋ ಗಿಡಾನೂ ಇಲ್ಲ. ಇದು ನಲ್ಲಿ ನೀರು. ಎರಡು ತಿಂಗಳಿಂದ ನನ್ನನ್ನ ಮಂಗ ಮಾಡ್ತಿದ್ದಾಳೆ! ತಡಿ, ಈಗ ಎಲ್ಲರ ಮುಂದೆ ಕೇಳ್ತೀನಿ."

"ಕೇಳು. ಇನ್ನೊಬ್ಬಳು ಹೋಗ್ತಾಳೆ. ಕ್ಲೈಡ್ ತೊಟ್ಟಿ ಮಾರಿಬಿಟ್ಟ, ಗೊತ್ತಾ? ಅಂಗಡೀಲಿ ಸಿಕ್ಕಿದ್ದ. ಆ ಮೇಜಿನ ಹತ್ರ ಇನ್ನೊಂದ್ಸಲ ನಿಲ್ಲಲ್ಲ ಅಂದ."

"ಅಯ್ಯೋ, ತಮಾಷೆಗೆ ಅಂದದ್ದು! ನಾವೆಲ್ಲ ಹೀಗೇ ಅಲ್ವಾ ಕಲಿತದ್ದು? ನನ್ನನ್ನ ಹಳಬರು ಇದಕ್ಕಿಂತ ಜಾಸ್ತಿ ಆಡ್ಕೊಂಡಿದ್ರು. ಬೈಸಿಕೊಂಡಿದ್ದಕ್ಕೇ ಬುದ್ಧಿ ಬಂತು."

"ನೀನು ಉಳಿದೆ, ಅದಕ್ಕೆ ಹಾಗೆ ಹೇಳ್ತೀಯ. ಹೋದವರನ್ನ ಯಾರು ಕೇಳಿದ್ರು?"

ಮಾರ್ವಿನ್ ಐವಾಳತ್ತ ನೋಡಿದ. ಅವಳು ಬೆನ್ನು ಹಾಕಿ ನಿಂತಿದ್ದಳು. ಕೈಯಲ್ಲಿದ್ದ ಲೋಟಕ್ಕೆ ಸಕ್ಕರೆ ಬೀಳುತ್ತಲೇ ಇತ್ತು. ಅವನು ಎದ್ದು ಹೋಗಿ ಮೆಲ್ಲಗೆ, "ನಾಳೆ ಬಂದು ತೊಟ್ಟಿ ನೋಡಬಹುದಾ?" ಎಂದಷ್ಟೇ ಕೇಳಿದ.

ಮರುದಿನ ಶನಿವಾರ. ಅವನು ಆರೈಕೆ ಕೇಂದ್ರಕ್ಕೆ ಹೋದಾಗ ಐವಾ ಸಿಂಕಿನ ಮುಂದೆ ಅಂಗಿಯ ತೋಳು ಮಡಚಿ, ಫಿಲ್ಟರಿನ ಸ್ಪಂಜನ್ನು ಹಬೆಯಾಡುವ ಬಿಸಿನೀರಿನಲ್ಲಿ ಹಿಂಡುತ್ತಿದ್ದಳು. ಸ್ಪಂಜು ಅಂಗಡಿಯಿಂದ ಈಗ ತಾನೇ ತಂದ ಹಾಗಿತ್ತು. ಮಾರ್ವಿನ್ ತೊಟ್ಟಿಯ ಬಳಿ ಮಂಡಿಯೂರಿ ಕೊಳವೆ ತುಂಬಿಸಿ ಅಮೋನಿಯಾ ಪರೀಕ್ಷೆಯ ಹನಿ ಬಿಟ್ಟ. ಹಳದಿಯಾಗಬೇಕಾದದ್ದು ಕಡು ಹಸಿರಾಯಿತು.

"ಹಸಿರು ಅಂದ್ರೆ ಒಳ್ಳೇದಾ?" ಹೋಲ್ಕಂಬ್ ಕೇಳಿದರು.

"ಅಲ್ಲ ಸಾರ್. ವಿಷ."

ಐವಾ ಕೈ ಒರೆಸಿಕೊಂಡು ಬಂದಳು. ಕೊಳವೆ ನೋಡಿದವಳು ಸುಳ್ಳು ಹೇಳಲು ಯತ್ನಿಸಲಿಲ್ಲ.

"ನಾನು ತಂದದ್ದು ನಲ್ಲಿ ನೀರು. ಆವತ್ತು ಆ ಮನುಷ್ಯನನ್ನ ನೋಡಿ ಎಷ್ಟು ನಕ್ರಿ ನೀವೆಲ್ಲ. ನನಗೆ ಇಲ್ಲಿನ ನೀರು ತರೋಕೆ ಮನಸ್ಸೇ ಬರಲಿಲ್ಲ."

ಮಾರ್ವಿನ್ ಬೆಳಗಿನಿಂದ ಒಂದು ಚುಚ್ಚುಮಾತು ಸಿದ್ಧಮಾಡಿಕೊಂಡು ಬಂದಿದ್ದ. ಅದನ್ನು ಹೇಳಲಿಲ್ಲ.

"ಮೂರನೇ ಕೊಳವೆ ಮೊದಲ ಸಲವೇ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಹರಾಜಿಗೆ ಓಡಿದೆ. ಶೀಶೇಲಿ ನೀರು ಬದಲಾಯಿಸಿದ್ದು ನೀವು, ಬೇಡದ ಔಷಧಿ ಹಾಕಿಸಿದ್ದು ನಾನು." ಅವನು ಸಿಂಕಿನತ್ತ ಕೈ ತೋರಿಸಿದ. "ಅದನ್ನ ವಾರಾ ವಾರಾ ತೊಳೀತೀರಾ?"

"ಮತ್ತೆ? ಕೊಳಕಾಗಿರುತ್ತಲ್ಲ!"

"ಆ ಕೊಳೇಲೇ ಇರೋದು ಜೀವ. ಕಣ್ಣಿಗೆ ಕಾಣದ ಜೀವಿಗಳು, ಮೀನಿನ ಹೊಲಸಿನ ವಿಷಾನ ತಿಂದು ಅರಗಿಸ್ತವೆ. ನೀವು ಅವನ್ನ ಶನಿವಾರ ಶನಿವಾರ ಬೇಯಿಸಿ ಚೆಲ್ತಾ ಇದ್ದೀರಿ."

ಐವಾ ಕುರ್ಚಿಯ ಅಂಚಿಗೆ ಕೂತಳು. "ಇಲ್ಲಿ ನನ್ನ ಕೆಲಸಾನೇ ಅದು. ಎಲ್ಲಾನೂ ಬಿಸಿನೀರಲ್ಲಿ ತೊಳೆಯೋದು."

"ಜನರಿಗೆ ಅದು ಸರಿ. ಮೀನಿಗೆ ತೊಟ್ಟಿಯದೇ ನೀರಲ್ಲಿ ಒಂದು ಸಲ ಅದ್ದಿ ಹಿಂಡಿದ್ರೆ ಸಾಕು, ಅದೂ ತೀರಾ ಕಟ್ಟಿಕೊಂಡಾಗ."

ಮಾರ್ವಿನ್ ತಂದಿದ್ದ ಚೀಲದಲ್ಲಿ, ಅವನ ಮನೆಯ ಹಳೆಯ, ಆರೋಗ್ಯವಾದ ತೊಟ್ಟಿಯ, ಆ ಜೀವಿಗಳು ತುಂಬಿದ ಸ್ಪಂಜೊಂದಿತ್ತು. ಮೀನು ಸಾಕುವವರು ತಮ್ಮವರಿಗೆ ಮಾತ್ರ ಕೊಡುವ ಉಡುಗೊರೆ ಅದು. ಕಂದು ಬಣ್ಣ, ಲೋಳೆ, ಕೆರೆಯ ಕೆಸರಿನ ವಾಸನೆ. ಅದೇ ಹೊತ್ತಿಗೆ ಒಳಗೆ ಬಂದ ಮ್ಯಾನೇಜರ್ ಮೂಗು ಮುಚ್ಚಿಕೊಂಡರು.

"ಅದನ್ನ ಒಳಗೆ ಹಾಕ್ತೀರಾ? ಇಲ್ಲಿ ಇರೋರು ವಯಸ್ಸಾದವರು. ಏನಾದ್ರೂ ಅಂಟಿದ್ರೆ ನಾನು ಅವರ ಮಕ್ಕಳಿಗೆ ಏನಂತ ಹೇಳಲಿ?"

ಅದು ನ್ಯಾಯವಾದ ಮಾತೇ ಎಂದು ಮಾರ್ವಿನ್‌ಗೂ ಅನ್ನಿಸಿತು. "ಯಾರೂ ತೊಟ್ಟಿಗೆ ಕೈ ಹಾಕಬಾರದು ಮೇಡಂ. ಹಾಕೋರು ಐವಾ ಒಬ್ಬರೇ, ಕೈಗವಸು ಹಾಕ್ಕೊಂಡು, ಆಮೇಲೆ ಸೋಪಲ್ಲಿ ಕೈ ತೊಳ್ಕೊಂಡು. ಮುಚ್ಚಳಕ್ಕೆ ಚಿಲಕ ನಾನು ಹಾಕಿಕೊಡ್ತೀನಿ."

"ನಾನೇನು ಅದನ್ನ ತಿನ್ನಲ್ಲಮ್ಮ," ಎಂದರು ಹೋಲ್ಕಂಬ್. "ಇಲ್ಲಿ ಕೊಡೋ ಸೂಪಿಗಿಂತ ಚೆನ್ನಾಗಿ ಕಾಣ್ತಿದೆ, ಆದ್ರೂ ತಿನ್ನಲ್ಲ."

ಮ್ಯಾನೇಜರ್ ನಗು ತಡೆಯಲು ಹೋಗಿ ಸೋತರು. "ಒಂದು ತಿಂಗಳು ನೋಡ್ತೀನಿ. ಅಷ್ಟೇ."

ಅಂದು ಅರ್ಧ ನೀರು ತೆಗೆದು, ಕ್ಲೋರಿನ್ ಕಳೆಯುವ ಹನಿ ಹಾಕಿದ ಹೊಸ ನೀರನ್ನು ನಿಧಾನವಾಗಿ ತುಂಬಿದರು. ಸ್ಪಂಜನ್ನು ಒಳಗಿಟ್ಟದ್ದು ಐವಾಳ ಕೈಯೇ. ಆ ತಿಂಗಳಿಡೀ ಅವಳು ಬೆಳಿಗ್ಗೆ ಕೊಳವೆಗೆ ಹನಿ ಬಿಟ್ಟು ಬಣ್ಣ ನೋಡಿ ಮಾರ್ವಿನ್‌ಗೆ ಫೋನು ಮಾಡುತ್ತಿದ್ದಳು. ಮೊದಲ ವಾರ ಒಂದು ಮೀನು ಸತ್ತಿತು. ಆಮೇಲೆ ಹಸಿರು ತಿಳಿಯಾಯಿತು, ತಿಳಿಹಸಿರು ಹಳದಿಗೆ ತಿರುಗಿತು.

ಮುಂದಿನ ಸಭೆಯಲ್ಲಿ ಮಾರ್ವಿನ್ ಯಾರನ್ನೂ ಕರೆಯುವ ಮೊದಲು ತನ್ನ ಜೇಬಿನಿಂದ ಒಂದು ಶೀಶೆ ತೆಗೆದು ಮೇಜಿನ ಮೇಲಿಟ್ಟ. ಹನಿ ಬಿಟ್ಟ, ಕುಲುಕಿದ, ಎಲ್ಲರ ಮುಂದೆ ಕಾದ. ಕೊಳವೆ ರಕ್ತದಂತೆ ಕೆಂಪಾಯಿತು.

"ಯಾರದಪ್ಪಾ ಈ ಟೊಮ್ಯಾಟೊ ಸಾರು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಂದು," ಎಂದ ಮಾರ್ವಿನ್. "ಹಿಂದಿನ ಕೋಣೆ ತೊಟ್ಟಿ. ತಿಂಗಳುಗಟ್ಟಲೆ ನೀರು ಬದಲಾಯಿಸಿಲ್ಲ. ಸೋಮಾರಿತನ, ಬೇರೇನಿಲ್ಲ. ಎರಡು ಮೀನು ಹೋದ್ವು. ಸರಿ, ಮುಂದೆ ಯಾರು?"

ಹಳೆಯ ಸದಸ್ಯನೊಬ್ಬ ಕೋಟಿನೊಳಗಿನಿಂದ ಮಸುಕಾದ ಶೀಶೆ ತೆಗೆದ. "ನಂದೂ ಏನೂ ಹೆಚ್ಚು ಚೆನ್ನಾಗಿಲ್ಲ, ಮಾರ್ವಿನ್," ಎಂದ.

ಆರೈಕೆ ಕೇಂದ್ರದ ತೊಟ್ಟಿಯಲ್ಲಿ ಮೊದಲು ಹದಿಮೂರು ಮೀನುಗಳಿದ್ದವು, ಉಳಿದದ್ದು ನಾಲ್ಕು. ತೊಟ್ಟಿಯನ್ನು ತೆಗೆಸಲಿಲ್ಲ. ಸಂಘದ ಮೇಜಿಗೆ ಈಗ ಬರುವ ನೀರು ಮೊದಲಿಗಿಂತ ಕೊಳಕಾಗಿರುತ್ತದೆ. ಆದರೆ ಅದು ಮೀನು ಇರುವ ತೊಟ್ಟಿಯದೇ ನೀರು.